ಅಮೆರಿಕ ಸರ್ಕಾರದ ಗೋಡೆ ಚಾರ್ಟ್: ಬಾಕ್ಸ್ ಸರಿ, ಬಾಣಗಳೇ ತಪ್ಪು (5ಕ್ಕೆ 3)

ಅಮೆರಿಕದ ಕೇಂದ್ರ ಸರ್ಕಾರದಲ್ಲಿ ಯಾರ ಕೆಲಸ ಏನು ಅನ್ನೋದನ್ನು ಒಂದೇ ಹಾಳೆಯಲ್ಲಿ ತೋರಿಸುವ ಚಾರ್ಟ್ ಇದು. ಆನ್‌ಲೈನ್‌ನಲ್ಲಿ ತರಿಸಿದೆ. ಪ್ರಿಂಟ್ ಚೆನ್ನಾಗಿದೆ, ದೂರದಿಂದಲೂ ಅಕ್ಷರ ಕಾಣುತ್ತದೆ, ಲ್ಯಾಮಿನೇಷನ್ ಗಟ್ಟಿ. ಸುರುಳಿ ಸುತ್ತಿ ಕಳಿಸಿದ್ದರಿಂದ ಮೂಲೆಗಳು ಮಾತ್ರ ಇನ್ನೂ ಮೇಲೇಳುತ್ತಿವೆ.

ನನ್ನ ತಕರಾರು ಬೇರೆ. ಎಲ್ಲಕ್ಕಿಂತ ಮೇಲೆ ಅಧ್ಯಕ್ಷರ ಬಾಕ್ಸ್, ಅದರ ಕೆಳಗೆ ಕಾಂಗ್ರೆಸ್ಸು (ಅಂದರೆ ಅಲ್ಲಿನ ಸಂಸತ್ತು) ಮತ್ತು ಸುಪ್ರೀಂ ಕೋರ್ಟು, ಬಾಣಗಳೆಲ್ಲ ಮೇಲಿಂದ ಕೆಳಕ್ಕೆ. ಯಾವುದೋ ಕಂಪನಿಯ ಎಂಡಿ, ಮ್ಯಾನೇಜರ್‌ಗಳ ಪಟ್ಟಿ ಥರ. ಅಧ್ಯಕ್ಷೀಯ ಪದ್ಧತಿ ಅಂದ ತಕ್ಷಣ ಎಲ್ಲಾ ಒಬ್ಬರ ಕೈಲೇ ಅಂತ ಮೊದಲೇ ಜಾಸ್ತಿ ಜನ ಅಂದುಕೊಂಡಿರುತ್ತಾರೆ, ಇದು ಅದಕ್ಕೆ ಇನ್ನಷ್ಟು ಒಗ್ಗರಣೆ ಹಾಕುತ್ತದೆ. ಮೇಲೆ ಇರಬೇಕಾದದ್ದು ಸಂವಿಧಾನ. ಅದರ ಕೆಳಗೆ ಮೂರೂ ಒಂದೇ ಸಾಲಿನಲ್ಲಿ.

ಹಣದ ವಿಷಯವನ್ನೇ ನೋಡಿ. ಖಜಾನೆಯಿಂದ ದುಡ್ಡು ತೆಗೆಯಬೇಕಾದರೆ ಕಾಂಗ್ರೆಸ್ಸು ಕಾನೂನು ಮಾಡಲೇಬೇಕು. 2018ರ ಡಿಸೆಂಬರಿನಲ್ಲಿ ಟ್ರಂಪ್ ಮೆಕ್ಸಿಕೊ ಗಡಿಯ ಗೋಡೆಗೆ ಹಣ ಕೇಳಿದರು, ಕೇಳಿದಷ್ಟು ಸಿಗಲಿಲ್ಲ, ಜಗಳ ಹರಿಯದೆ 35 ದಿನ ಎಷ್ಟೋ ಸರ್ಕಾರಿ ಕಚೇರಿಗಳು ಬಾಗಿಲು ಹಾಕಿದವು. ಮೇಲಿನ ಬಾಕ್ಸು ನಿಜಕ್ಕೂ ಬಾಸ್ ಆಗಿದ್ದರೆ ಹೀಗಾಗುತ್ತಿತ್ತಾ? ಕೋರ್ಟಿಗೆ ಹೋಗುವ ಬಾಣವೂ ಅಷ್ಟೇ, ಅರ್ಧ ಸತ್ಯ. ಅಧ್ಯಕ್ಷರು ನ್ಯಾಯಮೂರ್ತಿಯ ಹೆಸರು ಸೂಚಿಸಬಹುದು, ಒಪ್ಪಬೇಕಾದದ್ದು ಸೆನೆಟ್, ಅಂದರೆ ಕಾಂಗ್ರೆಸ್ಸಿನ ಮೇಲ್ಮನೆ. 2016ರಲ್ಲಿ ಒಬಾಮಾ ಸೂಚಿಸಿದ ಮೆರಿಕ್ ಗಾರ್ಲಂಡ್‌ಗೆ ಸೆನೆಟ್ ಒಂದು ವಿಚಾರಣೆಯನ್ನೂ ನಡೆಸದೆ ಸುಮ್ನೆ ಕೂತುಬಿಟ್ಟಿತು. ವೀಟೋಗೆ ಬಾಣವೇ ಇಲ್ಲ. ಅಧ್ಯಕ್ಷರು ಮಸೂದೆ ವಾಪಸ್ ಕಳಿಸಬಹುದು, ಆದರೆ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ವೋಟು ಬಿದ್ದರೆ ಅವರ ಸಹಿ ಇಲ್ಲದೆಯೇ ಅದು ಕಾನೂನಾಗುತ್ತದೆ.

ಉಪಾಧ್ಯಕ್ಷರನ್ನು ಅಧ್ಯಕ್ಷರ ಪಕ್ಕ ಸುಮ್ಮನೆ ಕೂರಿಸಿದ್ದಾರೆ. ಸೆನೆಟ್‌ನ ಸಭಾಪತಿಯೂ ಅವರೇ, ವೋಟು ಸಮ ಸಮ ಆದಾಗ ಅವರದೇ ಕೊನೆಯ ವೋಟು. ಕಮಲಾ ಹ್ಯಾರಿಸ್ ಉಪಾಧ್ಯಕ್ಷರಾಗಿದ್ದಾಗ ಹೀಗೆ 33 ಸಲ ವೋಟು ಹಾಕಿದ್ದರು, ಅದೇ ದಾಖಲೆ. ಒಂದು ಚುಕ್ಕಿ ಗೆರೆ ಎಳೆದಿದ್ದರೆ ಸಾಕಿತ್ತು.

ಹೊಗಳಬೇಕಾದದ್ದೂ ಇದೆ. ಸಚಿವ ಸಂಪುಟದ ಭಾಗಕ್ಕೆ ಪೂರ್ತಿ ಮಾರ್ಕ್ಸ್. 15 ಇಲಾಖೆಗಳೂ ಇವೆ, ಪ್ರತಿಯೊಂದರ ಕೆಳಗೆ ಹುಟ್ಟಿದ ವರ್ಷ: ವಿದೇಶಾಂಗ 1789, ಕೊನೆಯದು ಹೋಮ್‌ಲ್ಯಾಂಡ್ ಸೆಕ್ಯುರಿಟಿ 2002. ನಾಸಾ, ಸಿಐಎ ಇವು ಯಾವ ಇಲಾಖೆಗೂ ಸೇರಿದವಲ್ಲ ಅಂತ ಬೇರೆ ಬಣ್ಣದಲ್ಲಿ ತೋರಿಸಿದ್ದಾರೆ. ಸರ್ಕಾರದ ಖರ್ಚು ತನಿಖೆ ಮಾಡುವ ಜಿಎಒ ಕಚೇರಿ ಕಾಂಗ್ರೆಸ್ಸಿನ ಕೆಳಗಿದೆ, ಅದೂ ಸರಿಯೇ. ಸಂಪುಟದಲ್ಲಿ ಇರುವವರು ಕಾಂಗ್ರೆಸ್ ಸದಸ್ಯರಾಗಿರುವಂತಿಲ್ಲ ಅಂತ ಒಂದು ಸಣ್ಣ ಟಿಪ್ಪಣಿ ಬೇರೆ. ಮಂತ್ರಿ ಅಂದರೆ ಸಂಸದ ಅಂತಲೇ ರೂಢಿಯಾದ ನಮಗೆ ಇದು ವಿಚಿತ್ರ ಅನಿಸುತ್ತದೆ ಅಲ್ವಾ? 2009ರಲ್ಲಿ ಹಿಲರಿ ಕ್ಲಿಂಟನ್ ವಿದೇಶಾಂಗ ಕಾರ್ಯದರ್ಶಿ (ನಮ್ಮಲ್ಲಿನ ವಿದೇಶಾಂಗ ಮಂತ್ರಿ ಥರ) ಆಗೋಕೆ ಸೆನೆಟ್‌ಗೆ ರಾಜೀನಾಮೆ ಕೊಟ್ಟದ್ದು ಇದಕ್ಕೇ. ಇಂಥ ಟಿಪ್ಪಣಿ ಬರೆಯೋಕೆ ಗೊತ್ತಿದ್ದವರು ಬಾಣಗಳಲ್ಲಿ ಯಾಕೆ ಎಡವಿದರೋ.

ಇಲಾಖೆಗಳ ಹೆಸರು, ಸದಸ್ಯರ ಸಂಖ್ಯೆ (ಸೆನೆಟ್ 100, ಕೆಳಮನೆ 435) ನೆನಪಿಟ್ಟುಕೊಳ್ಳೋಕೆ ಬೇಕಾದವರು ತಗೊಳ್ಳಿ. ಪಾಠ ಮಾಡೋಕೆ ಅಂತಾದರೆ ಬೇರೆ ನೋಡಿ, ಇಲ್ಲದಿದ್ದರೆ ಒಂದು ಮಾರ್ಕರ್ ಜೊತೆಗಿಟ್ಟುಕೊಳ್ಳಿ. ಲ್ಯಾಮಿನೇಷನ್ ಮೇಲೆ ಚೆನ್ನಾಗಿ ಬರೆಯುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ವೀಟೋ ಬಾಣ ನಾನೇ ಎಳೆದುಕೊಂಡಿದ್ದೀನಿ.