ಸೆಕೆಂಡ್ ಹ್ಯಾಂಡ್ ರಿಗ್ ಕೊಳ್ಳೋ ಮುಂಚೆ ದಯವಿಟ್ಟು ಇದನ್ನು ಓದಿ

ಹೋದ ವಾರ ದಾವಣಗೆರೆ ಕಡೆಯ ಒಬ್ಬ ಹುಡುಗ ಫೋನ್ ಮಾಡಿದ್ದ. ಇಲ್ಲೇ ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಮಾಡ್ತಾನೆ. ಸ್ಕೈಡೈವಿಂಗ್ ಕಲಿತು, 25 ಜಂಪ್ ಮುಗಿಸಿ, ಈಗಷ್ಟೇ ಎ ಲೈಸೆನ್ಸ್ ತಗೊಂಡಿದ್ದಾನೆ. "ಅಕ್ಕಾ, ಒಂದು ಒಳ್ಳೇ ರಿಗ್ ಸಿಕ್ಕಿದೆ. ಅರ್ಧ ರೇಟಿಗಿಂತ ಕಡಿಮೆ. ಮಾರೋರು ತುಂಬಾ ಸೀನಿಯರ್. ಶನಿವಾರ ದುಡ್ಡು ಕೊಟ್ಟುಬಿಡ್ತೀನಿ" ಅಂದ. ನನ್ನ ಎದೆ ಧಸಕ್ ಅಂತು. ಆರು ವರ್ಷದ ಹಿಂದೆ ನಾನೂ ಇದೇ ಮಾತನ್ನು ಇಷ್ಟೇ ಖುಷಿಯಲ್ಲಿ ಹೇಳಿದ್ದೆ.

ನಾನು ಹಾಸನದವಳು. ಇವತ್ತಿಗೆ 640 ಜಂಪ್ ಆಗಿದೆ. ಈಗ ಹೇಳುತ್ತಿರುವುದು ನನ್ನ 112ನೇ ಜಂಪ್‌ನ ವಿಷಯ. ಮಾರಿದವರ ಹೆಸರು, ಊರು ಬರೆಯುವುದಿಲ್ಲ. ಅವರ ಮೇಲಿನ ಸಿಟ್ಟಿಗೆ ಬರೆಯುತ್ತಿಲ್ಲ. ಆ ಹುಡುಗನಂಥವರು ಇನ್ನೂ ಎಷ್ಟು ಜನ ಇದ್ದಾರೋ, ಅವರಿಗಾಗಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ರಿಗ್ ಅಂದರೆ ಬೆನ್ನಿಗೆ ಕಟ್ಟಿಕೊಳ್ಳುವ ಇಡೀ ಸರಂಜಾಮು. ಒಳಗೆ ಎರಡು ಪ್ಯಾರಾಶೂಟ್ ಇರುತ್ತವೆ. ಒಂದು ಮೇನ್, ದಿನಾ ಬಳಸುವುದು. ಇನ್ನೊಂದು ರಿಸರ್ವ್, ಮೇನ್ ಕೈಕೊಟ್ಟರೆ ಇರಲಿ ಅಂತ. ಜೊತೆಗೆ ಏಎಡಿ ಅಂತ ಒಂದು ಪುಟ್ಟ ಯಂತ್ರ. ನಾವು ಎಚ್ಚರ ತಪ್ಪಿ ಬೀಳುತ್ತಲೇ ಇದ್ದರೆ ಸುಮಾರು 750 ಅಡಿಯಲ್ಲಿ ಅದು ತಾನಾಗಿಯೇ ರಿಸರ್ವ್ ಬಿಚ್ಚುತ್ತದೆ. 1991ರಲ್ಲಿ ಜರ್ಮನಿಯ ಸೈಪ್ರೆಸ್ ಅನ್ನುವ ಏಎಡಿ ಬಂದಾಗಿನಿಂದ ಅದು ಎಷ್ಟೋ ಜೀವ ಉಳಿಸಿದೆ. ಇಷ್ಟನ್ನೂ ಹೊಸದಾಗಿ ಕೊಂಡರೆ ಎಂಟು ಹತ್ತು ಸಾವಿರ ಡಾಲರ್ ಬೇಕು. ಅದಕ್ಕೇ ಹೊಸಬರೆಲ್ಲ ಹಳೇದನ್ನು ಹುಡುಕುತ್ತಾರೆ. ಅದು ತಪ್ಪಲ್ಲ. ಹೇಗೆ ಕೊಳ್ಳುತ್ತೀರಿ ಅನ್ನುವುದರಲ್ಲಿ ಎಲ್ಲಾ ಇದೆ.

ನನ್ನ ತಾತ ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು. ನಾಲ್ಕು ಹೆಜ್ಜೆ ನಡೆಸುತ್ತಿದ್ದರು. ಗೊರಸು ಎತ್ತಿ ನೋಡುತ್ತಿದ್ದರು. ಮಾರುವವನು ನೆಂಟನೇ ಆದರೂ ಬಿಡುತ್ತಿರಲಿಲ್ಲ. ನಾನು ಏನು ನೋಡಿದೆ ಗೊತ್ತಾ? ಬಣ್ಣ. ಕಪ್ಪು ಕಂಟೇನರ್ (ಎರಡೂ ಪ್ಯಾರಾಶೂಟ್ ಇಡುವ ಬೆನ್ನ ಚೀಲ), ನೀಲಿ ಅಂಚು. ತುಂಬಾ ಚೆನ್ನಾಗಿತ್ತು. 3,400 ಡಾಲರ್ ಕೊಟ್ಟುಬಿಟ್ಟೆ.

"ಇದನ್ನ ಯಾರಾದ್ರೂ ಚೆಕ್ ಮಾಡಿದ್ದಾರಾ?" ಅಂತ ಕೇಳಿದ್ದೆ. ಅವರು ಸೀಲ್ ತೋರಿಸಿದರು. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ನಿಯಮದ ಪ್ರಕಾರ ರಿಸರ್ವ್ ಅನ್ನು 180 ದಿನಕ್ಕೊಮ್ಮೆ ಸರ್ಟಿಫಿಕೇಟ್ ಇರುವ ರಿಗ್ಗರ್, ಅಂದರೆ ಪ್ಯಾರಾಶೂಟ್ ಮಡಿಸಿ ರಿಪೇರಿ ಮಾಡುವವರು, ಬಿಚ್ಚಿ, ನೋಡಿ, ಮತ್ತೆ ಮಡಿಸಬೇಕು. ಮಡಿಸಿದ ಮೇಲೆ ಕೆಂಪು ದಾರ ಕಟ್ಟಿ ಸೀಸದ ಮುದ್ರೆ ಒತ್ತುತ್ತಾರೆ. ಕಾರ್ಡ್‌ನಲ್ಲಿ ದಿನಾಂಕ ಬರೆದು ಸಹಿ ಹಾಕುತ್ತಾರೆ. ಮೂರು ವಾರದ ಹಿಂದಿನ ದಿನಾಂಕ ಇತ್ತು. ನನಗೆ ಸಮಾಧಾನ ಆಯಿತು. ಆದರೆ ಮೇನ್‌ಗೆ ರಿಗ್ಗರೇ ಆಗಬೇಕು ಅನ್ನುವ ಕಟ್ಟುಪಾಡಿಲ್ಲ. ಮುಂದಿನ ಜಂಪ್ ಮಾಡುವವರು ತಾವೇ ಅದನ್ನು ಮಡಿಸಿಕೊಳ್ಳಬಹುದು. ಎಷ್ಟೋ ಜನ ರಿಸರ್ವ್ ಮಡಿಸೋಕೆ ಕೊಡುವಾಗ ಮೇನ್ ಬಿಚ್ಚಿ ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ಅಂದರೆ ಆ ಸೀಲ್ ಮೇನ್ ಬಗ್ಗೆ ಏನೂ ಹೇಳುವುದಿಲ್ಲ. ಇದು ನನಗೆ ಆಗ ಹೊಳೆಯಲೇ ಇಲ್ಲ.

ಸೈಜ್ ಇನ್ನೊಂದು ತಪ್ಪು. ನನ್ನ ತೂಕ, ಬೆನ್ನ ಮೇಲಿನ ರಿಗ್‌ನ ತೂಕ ಎಲ್ಲಾ ಸೇರಿ 158 ಪೌಂಡ್. ಅದನ್ನು ಪ್ಯಾರಾಶೂಟ್‌ನ ಚದರ ಅಡಿಯಿಂದ ಭಾಗಿಸಿದರೆ ಬರುವುದು ವಿಂಗ್ ಲೋಡಿಂಗ್. ಹೊಸಬರಿಗೆ ಅದು 1ರ ಒಳಗೇ ಇರಬೇಕು ಅಂತ ಹೇಳಿಕೊಡುತ್ತಾರೆ. ನಾನು ಅಲ್ಲಿಯವರೆಗೆ ಬಾಡಿಗೆಯ 170 ಚದರ ಅಡಿಯದರಲ್ಲಿ ಹಾರುತ್ತಿದ್ದೆ. ಇದು 135. ಲೆಕ್ಕ ಹಾಕಿದರೆ 1.17. ಒಂದೇ ನೆಗೆತಕ್ಕೆ 35 ಚದರ ಅಡಿ ಇಳಿದಿದ್ದೆ. "ನೀನು ಸಣ್ಣಗಿದ್ದೀಯ, ಏನೂ ಆಗಲ್ಲ" ಅಂದರು. ಚಿಕ್ಕ ಪ್ಯಾರಾಶೂಟ್‌ಗೆ ಲೈನ್‌ಗಳೂ, ಅಂದರೆ ನಾವು ನೇತಾಡುವ ದಾರಗಳೂ, ಗಿಡ್ಡ, ಅದಕ್ಕೇ ಅದು ಜಾಸ್ತಿ ಚುರುಕು. ಸರಿಯಾಗಿ ಬಿಚ್ಚಿಕೊಂಡಾಗ ಆ ಚುರುಕು ಖುಷಿ ಕೊಡುತ್ತದೆ. ಏನಾದರೂ ಎಡವಟ್ಟಾದರೆ ಅದೇ ಚುರುಕು ಗಿರಗಿರ ತಿರುಗಿಸಿಬಿಡುತ್ತದೆ.

ಮೊದಲ ನಾಲ್ಕು ಜಂಪ್‌ನಲ್ಲೇ ರಿಗ್ ನನಗೆ ಹೇಳುತ್ತಿತ್ತು. ನಾನು ಕೇಳಿಸಿಕೊಳ್ಳಲಿಲ್ಲ. ಮೇನ್ ಅನ್ನು ಹೊರಗೆ ಎಳೆಯುವ ಪುಟ್ಟ ಪ್ಯಾರಾಶೂಟ್, ಪೈಲಟ್ ಚೂಟ್, ಎಸೆದ ಮೇಲೆ ಎಲ್ಲಾ ಒಂಚೂರು ತಡ ಆಗುತ್ತಿತ್ತು. ಬಿಚ್ಚಿದ ತಕ್ಷಣ ಪ್ರತಿ ಸಲವೂ ಎಡಕ್ಕೇ ತಿರುಗುತ್ತಿತ್ತು. ಮಾರಿದವರನ್ನೇ ಕೇಳಿದೆ. "ನಿನ್ನ ಬಾಡಿ ಪೊಸಿಷನ್ ಸರಿ ಇಲ್ಲ, ಭುಜ ವಾಲ್ತಾ ಇದೆ. ಪ್ಯಾಕಿಂಗ್ ಸ್ವಲ್ಪ ನೀಟಾಗಿ ಮಾಡು" ಅಂದರು. ನಂಬಿದೆ. ಎರಡು ಸಾವಿರ ಜಂಪ್ ಮಾಡಿದವರ ಮುಂದೆ ನೂರು ಜಂಪ್‌ನವಳು ಏನು ಹೇಳೋದು, ಅಲ್ವಾ? ಮನೆಯ ಹಾಲ್‌ನಲ್ಲಿ ಪ್ಯಾರಾಶೂಟ್ ಹರಡಿಕೊಂಡು ರಾತ್ರಿ ಹನ್ನೊಂದರವರೆಗೆ ನೆರಿಗೆ ಹಿಡಿದು ಹಿಡಿದು ಪ್ಯಾಕ್ ಮಾಡಿದೆ. ಎಡಕ್ಕೆ ತಿರುಗೋದು ನಿಲ್ಲಲಿಲ್ಲ.

ಐದನೇ ಜಂಪ್ ದಿನ ಸಂಜೆ ಕೊನೇ ಲೋಡ್, ಅಂದರೆ ಜಂಪ್ ಮಾಡುವವರ ಕೊನೇ ವಿಮಾನ, ಹೊರಟಿತ್ತು. ಇಪ್ಪತ್ತು ನಿಮಿಷ ಇದೆ ಅಂತ ಕೂಗಿದರು. ನನ್ನ ಪ್ಯಾರಾಶೂಟ್ ಇನ್ನೂ ನೆಲದ ಮೇಲೆ ಬಿದ್ದಿತ್ತು. ಹೋಗದೇ ಇರಬಹುದಿತ್ತು. ಹೋದೆ.

4,500 ಅಡಿಯಲ್ಲಿ ಪೈಲಟ್ ಚೂಟ್ ಎಸೆದೆ. ನಾವು ಗಂಟೆಗೆ ಸುಮಾರು 190 ಕಿಲೋಮೀಟರ್ ವೇಗದಲ್ಲಿ ಬೀಳುತ್ತಿರುತ್ತೇವೆ. ಸಾವಿರ ಅಡಿಗೆ ಐದಾರು ಸೆಕೆಂಡ್. ಒಂದು, ಎರಡು, ಮೂರು ಎಣಿಸಿದೆ. ಏನೂ ಇಲ್ಲ. ಆಮೇಲೆ ಜಗ್ಗಿತು. ಜಗ್ಗಿದ್ದೇ ತಡ ಎಡಕ್ಕೆ ಬೀಸಿ ಹೊಡೆಯಿತು. ಕಣ್ಣು ಮೇಲೆತ್ತಿದರೆ ಲೈನ್‌ಗಳು ಹುರಿ ಹಾಕಿದ ಹಗ್ಗದ ಹಾಗೆ ಸುತ್ತಿಕೊಂಡಿವೆ. ಲೈನ್‌ಗಳನ್ನು ಭುಜಕ್ಕೆ ಸೇರಿಸುವ ಎರಡು ಕಡೆಯ ಪಟ್ಟಿ, ರೈಸರ್, ನನ್ನ ಹೆಲ್ಮೆಟ್ ಹಿಂದೆ ಒಂದಾಗಿವೆ. ತಲೆ ಹಿಂದಕ್ಕೆ ಎತ್ತೋಕೆ ಆಗುತ್ತಿಲ್ಲ. ಕೆಳಗೆ ಹೊಲಗಳು ಬುಗುರಿ ಹಾಗೆ ತಿರುಗುತ್ತಿವೆ. ಕಾಲು ಬೀಸಿ ಹುರಿ ಬಿಡಿಸಲು ನೋಡಿದೆ. ಒಂದು ಸುತ್ತು ಬಿಟ್ಟರೆ ಎರಡು ಸುತ್ತು ಸೇರುತ್ತಿತ್ತು. ಕೈಯಲ್ಲಿದ್ದ ಎತ್ತರ ತೋರಿಸುವ ಆಲ್ಟಿಮೀಟರ್ ಮುಳ್ಳು 3,000 ದಾಟಿ ಇಳಿಯುತ್ತಿತ್ತು.

ಆ ಹೊತ್ತಿಗೆ ನನ್ನ ಬಳಿ ಎ ನಂತರದ ಬಿ ಲೈಸೆನ್ಸ್ ಇತ್ತು. ಶಿಫಾರಸಿನ ಪ್ರಕಾರ ಮೇನ್ ಕಿತ್ತೆಸೆಯುವ ನಿರ್ಧಾರಕ್ಕೆ 1,800 ಅಡಿಯವರೆಗೆ ಸಮಯ ಇತ್ತು. ಆದರೆ ತಲೆಯಲ್ಲಿ ಕೂತಿದ್ದು ಸ್ಟೂಡೆಂಟ್ ಆಗಿದ್ದಾಗ ಕಲಿಸಿದ ನಂಬರ್, 2,500. ಮುಳ್ಳು ಅಲ್ಲಿಗೆ ಬಂದಾಗ ನಾನು ಯೋಚನೆ ಮಾಡಲಿಲ್ಲ. ಬಲಗಡೆ ಎದೆಯ ಮೇಲಿನ ಕೆಂಪು ಹಿಡಿಕೆ ನೋಡಿದೆ, ಎರಡೂ ಕೈಯಲ್ಲಿ ಹಿಡಿದೆ, ಎಡಗಡೆಯ ಬೆಳ್ಳಿ ಬಣ್ಣದ ಹಿಡಿಕೆ ನೋಡಿದೆ, ಕೆಂಪು ಎಳೆದೆ. ವೆಲ್ಕ್ರೋ ಕಿತ್ತು ಬಂದ ಪರ್ ಅನ್ನುವ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಮೇನ್ ಹೋಯಿತು. ಬೆಳ್ಳಿ ಎಳೆಯುವಷ್ಟರಲ್ಲಿ ಆರ್‌ಎಸ್‌ಎಲ್ ಆಗಲೇ ರಿಸರ್ವ್ ಬಿಚ್ಚಲು ಶುರು ಮಾಡಿತ್ತು. ಹಾರಿ ಹೋಗುವ ಮೇನ್ ತಾನೇ ರಿಸರ್ವ್‌ನ ಪಿನ್ ಎಳೆಯುವಂತೆ ಕಟ್ಟಿರುವ ಪಟ್ಟಿ ಅದು. ಬೆಳ್ಳಿಯನ್ನೂ ಎಳೆದೆ, ಹಾಗೇ ಕಲಿಸಿದ್ದರು.

ತಲೆ ಮೇಲೆ ಬಿಳೀ ಬಟ್ಟೆ ಅರಳಿತು. ಎಲ್ಲಾ ಸದ್ದು ನಿಂತುಹೋಯಿತು. ನನ್ನ ರಿಸರ್ವ್ ಯಾವ ಬಣ್ಣ ಅಂತ ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಬಾದಾಮಿ ತೋಟದ ಸಾಲುಗಳ ಪಕ್ಕದ ಖಾಲಿ ಹೊಲದಲ್ಲಿ ಇಳಿದೆ. ಮಂಡಿ ಊರಿ ಕೂತವಳು ತುಂಬಾ ಹೊತ್ತು ಏಳಲಿಲ್ಲ. ಕೈಯಲ್ಲಿ ಎರಡೂ ಹಿಡಿಕೆ ಹಾಗೇ ಇದ್ದವು.

ಮೇನ್ ಮಾರನೇ ದಿನ ತೋಟದಲ್ಲಿ ಸಿಕ್ಕಿತು. ಅದನ್ನು ಹಿರಿಯ ರಿಗ್ಗರ್ ಒಬ್ಬರ ಹತ್ತಿರ ತೆಗೆದುಕೊಂಡು ಹೋದೆ. ಅವರು ಉದ್ದನೆ ಮೇಜಿನ ಮೇಲೆ ಲೈನ್‌ಗಳನ್ನು ಎಳೆದು ಕಟ್ಟಿ, ತಯಾರಕರ ಪಟ್ಟಿ ಪಕ್ಕದಲ್ಲಿಟ್ಟುಕೊಂಡು, ಒಂದೊಂದನ್ನೇ ಅಳೆದರು. ನನ್ನ ಲೈನ್‌ಗಳು ಸ್ಪೆಕ್ಟ್ರಾ ಅನ್ನುವ ಸಿಂಥೆಟಿಕ್ ದಾರದವು. ಸ್ಲೈಡರ್ ಅಂದರೆ ಲೈನ್‌ಗಳ ಮೇಲೆ ಜಾರಿ ಬರುವ ಚೌಕದ ಬಟ್ಟೆ. ಪ್ರತಿ ಸಲ ಅದು ಉಜ್ಜಿಕೊಂಡು ಇಳಿಯುವ ಬಿಸಿಗೆ ಸ್ಪೆಕ್ಟ್ರಾ ನಿಧಾನಕ್ಕೆ ಕುಗ್ಗುತ್ತದೆ. ಎಲ್ಲಾ ಒಂದೇ ಸಮ ಕುಗ್ಗಿದರೆ ಚಿಂತೆ ಕಡಿಮೆ. ಆದರೆ ಹೊರಗಿನ ಲೈನ್‌ಗಳು, ತಿರುಗಿಸಲು ಎಳೆಯುವ ಬ್ರೇಕ್ ಲೈನ್‌ಗಳು ಜಾಸ್ತಿ ಕುಗ್ಗುತ್ತವೆ. ನನ್ನದರಲ್ಲಿ ಎಡ ಬ್ರೇಕ್ ಲೈನ್ ಬಲಗಡೆಯದಕ್ಕಿಂತ ನಾಲ್ಕು ಇಂಚು ಗಿಡ್ಡ ಇತ್ತು. ಪ್ರತಿ ಸಲ ಎಡಕ್ಕೆ ತಿರುಗುತ್ತಿದ್ದದ್ದು ಇದಕ್ಕೇ. ನನ್ನ ಭುಜದಲ್ಲಿ ಏನೂ ತಪ್ಪಿರಲಿಲ್ಲ.

ಆಮೇಲೆ ಬಲಗಡೆ ಟಾಗಲ್, ಅಂದರೆ ಬ್ರೇಕ್ ಲೈನ್‌ನ ಹಿಡಿಕೆ, ತೋರಿಸಿದರು. ಬಿಚ್ಚುವಾಗ ಬ್ರೇಕ್ ಅರ್ಧ ಹಾಕಿದ ಸ್ಥಿತಿಯಲ್ಲಿ ಇರಲಿ ಅಂತ ಟಾಗಲ್‌ನ ತುದಿಯನ್ನು ಲೈನ್‌ನ ಕಣ್ಣಿನೊಳಗೆ ತೂರಿಸಿ ಇಡುತ್ತೇವೆ. ಆ ತುದಿ ಮೆತ್ತಗಾಗಿತ್ತು. ಅದನ್ನು ಹಿಡಿಯಬೇಕಾದ ಗೂಡು ಸವೆದು ಸಡಿಲ ಆಗಿತ್ತು. ಜಗ್ಗಿದ ಏಟಿಗೆ ಬಲಗಡೆ ಕಳಚಿಕೊಂಡಿದೆ. ಎಡಗಡೆ ಬ್ರೇಕ್ ಹಾಗೇ ಉಳಿದಿದೆ. ಅದಕ್ಕೇ ಆ ಸುತ್ತು. ನನ್ನ ಆತುರವೂ ಇದರಲ್ಲಿ ಸೇರಿತ್ತು ಅಂತ ನನಗೆ ಅನ್ನಿಸುತ್ತದೆ. ಆ ಇಪ್ಪತ್ತು ನಿಮಿಷದಲ್ಲಿ ಟಾಗಲ್ ಪೂರ್ತಿ ತಳ್ಳಿದ್ದೆನಾ, ಇಲ್ವಾ, ನೆನಪಿಲ್ಲ.

ತಡ ಆಗುತ್ತಿದ್ದದ್ದು ಪೈಲಟ್ ಚೂಟ್‌ನಿಂದ. ಅದರ ನಡುವೆ ಕಿಲ್ ಲೈನ್ ಅಂತ ಒಂದು ದಾರ ಇರುತ್ತದೆ. ಅದೂ ಕುಗ್ಗುತ್ತದೆ. ಕುಗ್ಗಿದರೆ ಪೈಲಟ್ ಚೂಟ್ ಪೂರ್ತಿ ಗಾಳಿ ತುಂಬಿಕೊಳ್ಳುವುದಿಲ್ಲ. ಅರ್ಧ ಅರಳಿದ ಕೊಡೆ ಇಡೀ ಚೀಲವನ್ನು ಎಳೆಯಬೇಕು. ಕಂಟೇನರ್ ಮುಚ್ಚುವ ಪುಟ್ಟ ಕ್ಲೋಸಿಂಗ್ ಲೂಪ್ ಕೂಡ ಎಳೆ ಎಳೆ ಬಿಟ್ಟಿತ್ತು. ಅದು ವಿಮಾನದ ಬಾಗಿಲಲ್ಲಿ ಕಿತ್ತುಹೋಗಿದ್ದರೆ ನನ್ನ ಜೊತೆಗಿದ್ದವರಿಗೂ ಅಪಾಯ ಆಗುತ್ತಿತ್ತು. ಆ ಲೂಪ್‌ಗೆ ಒಂದೆರಡು ಡಾಲರ್ ಅಷ್ಟೆ. ನಾನೇ ಪ್ರತಿ ಸಲ ಅದನ್ನು ಕೈಯಲ್ಲಿ ಹಿಡಿದು ಮುಚ್ಚುತ್ತಿದ್ದೆ. ನೋಡಿರಲಿಲ್ಲ.

300 ಜಂಪ್ ಆಗಿದೆ ಅಂತ ಹೇಳಿ ಮಾರಿದ್ದರು. ಸವೆತ ನೋಡಿದರೆ ಅದರ ಎರಡರಷ್ಟಾದರೂ ಆಗಿರಬೇಕು, ಲೈನ್ ಒಮ್ಮೆಯೂ ಬದಲಾಯಿಸಿಲ್ಲ ಅಂದರು ರಿಗ್ಗರ್. ಮಾರಿದವರಿಗೆ ಫೋನ್ ಮಾಡಿದೆ. "ನೀನೇ ನೋಡಿ ತಗೊಂಡಿದ್ದು" ಅಂದರು. ಅಲ್ಲಿಗೆ ಮುಗಿಯಿತು.

ರಿಸರ್ವ್ ಜೀವ ಉಳಿಸಿದರೆ ಅದನ್ನು ಮಡಿಸಿದ ರಿಗ್ಗರ್‌ಗೆ ಒಂದು ಬಾಟಲ್ ಕೊಡುವುದು ಇಲ್ಲಿನ ಪದ್ಧತಿ. ಕಾರ್ಡ್‌ನಲ್ಲಿದ್ದ ಹೆಸರು ನೋಡಿ ಹುಡುಕಿಕೊಂಡು ಹೋದೆ. ಬಾಟಲ್ ಜೊತೆ ಮನೆಯಲ್ಲೇ ಮಾಡಿದ ಮೈಸೂರು ಪಾಕ್ ಒಂದು ಡಬ್ಬಿ ಕೊಟ್ಟೆ. ವಯಸ್ಸಾದ ಮನುಷ್ಯ. ಕಣ್ಣು ಒದ್ದೆ ಮಾಡಿಕೊಂಡರು. "ಮೇನ್ ನನಗೆ ಕೊಟ್ಟೇ ಇರಲಿಲ್ಲಮ್ಮ, ಕೊಟ್ಟಿದ್ದರೆ ವಾಪಸ್ ಹೋಗೋಕೆ ಬಿಡ್ತಿರಲಿಲ್ಲ" ಅನ್ನುವ ಅರ್ಥದ ಮಾತು ಹೇಳಿದರು.

ಪ್ಯಾಕಿಂಗ್ ಬಗ್ಗೆ ಒಂದು ಮಾತು. ಹೊಸಬರು ಅಂದಕ್ಕೆ ತುಂಬಾ ತಲೆ ಕೆಡಿಸಿಕೊಳ್ಳುತ್ತಾರೆ. ನಾನೂ ಹಾಗೇ ಇದ್ದೆ. ಜಾರುವ ಬಟ್ಟೆ ಅದು, ಹೊಸ ರೇಷ್ಮೆ ಸೀರೆ ಮಡಿಸಿದ ಹಾಗೆ ಕೈ ತಪ್ಪಿ ಓಡುತ್ತದೆ. ನೆರಿಗೆ ಸ್ವಲ್ಪ ಸೊಟ್ಟ ಆದರೆ ಪ್ಯಾರಾಶೂಟ್ ಬಿಚ್ಚಿಕೊಳ್ಳದೇ ಇರುವುದಿಲ್ಲ. ಆದರೆ ಲೈನ್ ನೇರ ಇರಲೇಬೇಕು. ಸ್ಲೈಡರ್ ಮೇಲಿನ ತುದಿಗೆ ಮುಟ್ಟಿರಲೇಬೇಕು. ಬ್ರೇಕ್ ಎರಡೂ ಕೂತಿರಬೇಕು. ಪೈಲಟ್ ಚೂಟ್ ಅನ್ನು ಮೇನ್‌ಗೆ ಸೇರಿಸುವ ಪಟ್ಟಿ, ಬ್ರೈಡಲ್, ಅದರ ಮೇಲಿನ ಕಿಂಡಿಯಲ್ಲಿ ಕಿಲ್ ಲೈನ್‌ನ ಬಣ್ಣ ಕಾಣಲೇಬೇಕು. ನಾನು ಈಗ ಹನ್ನೆರಡು ನಿಮಿಷದಲ್ಲಿ ಪ್ಯಾಕ್ ಮಾಡುತ್ತೇನೆ. ಆದರೆ ಈ ನಾಲ್ಕನ್ನು ಬೆರಳಿಟ್ಟು ಮುಟ್ಟಿ, ಬಾಯಲ್ಲಿ ಹೇಳಿಯೇ ಮುಂದಕ್ಕೆ ಹೋಗುವುದು. ಯಾರಾದರೂ ಮಧ್ಯದಲ್ಲಿ ಮಾತಾಡಿಸಿದರೆ ಮೊದಲಿಂದ ಶುರು. ಕೊನೇ ಲೋಡ್ ತಪ್ಪಿದರೆ ತಪ್ಪಲಿ. ನಾಳೆಯೂ ವಿಮಾನ ಹಾರುತ್ತದೆ.

ಟ್ರೇನಿಂಗ್ ವಿಷಯದಲ್ಲಿ ನನ್ನ ಮೊದಲ ಇನ್‌ಸ್ಟ್ರಕ್ಟರ್‌ಗೆ ನಾನು ಋಣಿ. ಛಾವಣಿಗೆ ನೇತುಹಾಕಿದ ಹಾರ್ನೆಸ್‌ನಲ್ಲಿ ಕೂರಿಸಿ, ಗಿರಗಿರ ತಿರುಗಿಸಿ, ಕೆಂಪು ಎಳಿ, ಬೆಳ್ಳಿ ಎಳಿ ಅಂತ ಕೈ ನೋಯುವವರೆಗೆ ಮಾಡಿಸಿದ್ದರು. ಆಗ ಬೇಜಾರಾಗುತ್ತಿತ್ತು. ಲೈಸೆನ್ಸ್ ಬಂದ ಮೇಲೆ ಯಾರೂ ಕೇಳುವುದಿಲ್ಲ. ಎಷ್ಟೋ ಜನ ಅಭ್ಯಾಸ ಬಿಟ್ಟುಬಿಡುತ್ತಾರೆ. ನಾನು ಮಾತ್ರ ಪ್ರತಿ ಸಲ ವಿಮಾನ ಮೇಲೇರುವಾಗ ಪೈಲಟ್ ಚೂಟ್, ಕೆಂಪು, ಬೆಳ್ಳಿ ಮೂರೂ ಹಿಡಿಕೆ ಮುಟ್ಟಿ ಮನಸ್ಸಲ್ಲೇ ಒಮ್ಮೆ ಮಾಡಿ ನೋಡುತ್ತಿದ್ದೆ. ಆವತ್ತು ಕೈ ತಾನಾಗಿ ಹೋಗಿದ್ದು ಅದರಿಂದಲೇ. ಇಲ್ಲಿನ ಪ್ಯಾರಾಶೂಟ್ ಸಂಘ ಯುಎಸ್‌ಪಿಎ ಪ್ರತಿ ವರ್ಷ ಸೀಸನ್ ಶುರುವಾಗುವ ಹೊತ್ತಿಗೆ ಸೇಫ್ಟಿ ಡೇ ನಡೆಸುತ್ತದೆ. ಹೋಗಿ. ಗೊತ್ತಿರುವುದನ್ನೇ ಹೇಳುತ್ತಾರೆ ಅಂತ ತಪ್ಪಿಸಬೇಡಿ.

ಇಷ್ಟೆಲ್ಲ ಓದಿ ಈ ಆಟವೇ ಬೇಡ ಅನ್ನಬೇಡಿ. 2023ರಲ್ಲಿ ಅಮೆರಿಕದಲ್ಲಿ 36 ಲಕ್ಷಕ್ಕೂ ಜಾಸ್ತಿ ಜಂಪ್ ಆಗಿವೆ, ಸತ್ತವರು 10 ಜನ. ಸಾವುಗಳಲ್ಲಿ ಎಷ್ಟೋ ಆಗುವುದು ಪ್ಯಾರಾಶೂಟ್ ಚೆನ್ನಾಗಿ ಬಿಚ್ಚಿಕೊಂಡ ಮೇಲೆ, ಇಳಿಯುವಾಗಿನ ತಪ್ಪಿನಿಂದ. ಅದಕ್ಕೇ ಸೈಜ್ ವಿಷಯದಲ್ಲಿ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಆ ಹುಡುಗನಿಗೆ ಹೇಳಿದ್ದು ಇಷ್ಟು. ದುಡ್ಡು ಕೊಡೋ ಮುಂಚೆ ಮೇನ್, ರಿಸರ್ವ್, ಕಂಟೇನರ್ ಮೂರನ್ನೂ ನೀನು ಆರಿಸಿದ ರಿಗ್ಗರ್ ನೋಡಬೇಕು, ಮಾರುವವರ ಸ್ನೇಹಿತರಲ್ಲ. ಲೈನ್ ಅಳೆದು ಬರೆದು ಕೊಡಲಿ. ಏಎಡಿ ತಯಾರಾದ ದಿನಾಂಕ ನೋಡು. ಈಗಿನ ಸೈಪ್ರೆಸ್‌ನ ಆಯುಸ್ಸು ಹದಿನೈದೂವರೆ ವರ್ಷ, ಅದಾದ ಮೇಲೆ ಎಸೆಯಬೇಕು. ಸೀರಿಯಲ್ ನಂಬರ್ ಹಾಕಿ ತಯಾರಕರ ಸರ್ವೀಸ್ ಬುಲೆಟಿನ್, ಅಂದರೆ ದೋಷದ ಎಚ್ಚರಿಕೆ, ಇದೆಯಾ ಹುಡುಕು. ಅವನು "ಅಕ್ಕಾ, ಅವರು ಬೇಜಾರು ಮಾಡ್ಕೊಂಡ್ರೆ?" ಅಂದ. ಮಾಡಿಕೊಳ್ಳಲಿ ಅಂದೆ.

ಶನಿವಾರ ಬೆಳಿಗ್ಗೆ ಎಂಟಕ್ಕೆ ರಿಗ್ಗರ್ ಟೈಮ್ ಕೊಟ್ಟಿದ್ದಾರೆ. ನಾನೂ ಅವನ ಜೊತೆ ಹೋಗುತ್ತಿದ್ದೇನೆ.