ಜಮೈಕಾದ ಕಪ್ಪು ಹರಳೆಣ್ಣೆ: ಎಣ್ಣೆ ತಗೊಳ್ಳಿ, ಜೋಡಿ ಕಂಡಿಷನರ್ ಬೇಡ

ಮೊದಲು ವಾಸನೆ ವಿಷಯ ಹೇಳಿಬಿಡುತ್ತೇನೆ. ಯಾಕಂದ್ರೆ ಎಷ್ಟೋ ಜನ ಮುಚ್ಚಳ ತೆಗೆದು ಮೂಸಿದ ಕೂಡಲೇ ಬಾಟಲಿಯನ್ನು ಅಂಗಡಿಯಲ್ಲೇ ವಾಪಸ್ ಇಟ್ಟು ಬರುತ್ತಾರೆ. ಕಡಲೆಕಾಯಿ ಹುರಿಯುವಾಗ ಸೀದು ಹೋದರೆ ಬರುತ್ತಲ್ಲ, ಆ ವಾಸನೆ. ಹಿಂದೆ ಒಂಚೂರು ಒಲೆಯ ಬೂದಿ. ನನ್ನ ಯಜಮಾನರು ಮೊದಲ ರಾತ್ರಿಯೇ ದಿಂಬು ಎತ್ತಿಕೊಂಡು ಸೋಫಾಗೆ ಹೋದರು. ನನಗೋ ಆ ವಾಸನೆಯೇ ಇಷ್ಟ. ಈಗ ಬಾಟಲಿ ತೆಗೆದಾಗ ಹೊಗೆ ವಾಸನೆ ಬರದಿದ್ದರೆ ಅನುಮಾನವಾಗುತ್ತೆ.

ನಾವು ಇರೋದು ಜಮೈಕಾದ ರಾಜಧಾನಿ ಕಿಂಗ್‌ಸ್ಟನ್‌ನಲ್ಲಿ. ನನ್ನದು ಗುಂಗುರು ಕೂದಲು, ದಪ್ಪ, ತುದಿಯೆಲ್ಲ ಒಣ. ಬೆಂಗಳೂರಿನಲ್ಲಿ ಪಾರ್ಲರಿನವರು ನೋಡಿದ ಕೂಡಲೇ ಸ್ಟ್ರೇಟನಿಂಗ್ ಮಾಡಿಸಿ ಅನ್ನುತ್ತಿದ್ದರು. ಇಲ್ಲಿ ಯಾರೂ ಹಾಗೆ ಅನ್ನಲ್ಲ. ಆಫೀಸಿನ ಗೆಳತಿಯೊಬ್ಬಳು ನನ್ನ ತುದಿಗಳನ್ನು ನೋಡಿ, ಕೊರೊನೇಷನ್ ಮಾರ್ಕೆಟ್‌ಗೆ ಹೋಗಿ ಕಪ್ಪು ಎಣ್ಣೆ ತಗೋ ಅಂದಳು. ಅಲ್ಲಿ ಸೊಪ್ಪು, ಗೆಡ್ಡೆ ಮಾರುವ ಹೆಂಗಸರನ್ನು ಹಿಗ್ಲರ್ ಅಂತಾರೆ. ಅವರಲ್ಲಿ ಒಬ್ಬರು ಹಳೇ ರಮ್ ಬಾಟಲಿಗಳಲ್ಲಿ ಮನೆಯಲ್ಲಿ ಮಾಡಿದ ಎಣ್ಣೆ ತುಂಬಿ ಇಟ್ಟುಕೊಂಡಿದ್ದರು. "ಮೂಸಿ ನೋಡು ಡಾರ್ಲಿಂಗ್. ಹೊಗೆ ವಾಸನೆ ಇಲ್ಲದಿದ್ದರೆ ತಗೋಬೇಡ" ಅಂದರು. ಅವತ್ತಿಂದ ಅವರ ಹತ್ತಿರವೇ ತಗೊಳ್ಳುತ್ತೇನೆ.

ಮಾಡುವ ಬಗೆ ಕೇಳಿದರೆ ತುಮಕೂರು ಕಡೆಯವರಿಗೆ ಏನೂ ಹೊಸದಲ್ಲ. ಹರಳು ಹುರಿದು, ಕುಟ್ಟಿ, ನೀರಲ್ಲಿ ಗಂಟೆಗಟ್ಟಲೆ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಸೌಟಿನಲ್ಲಿ ತೆಗೆಯೋದು. ನಮ್ಮ ಅಜ್ಜಿ ಮಾಡುತ್ತಿದ್ದುದೂ ಅದನ್ನೇ. ಆದರೆ ಅಜ್ಜಿ ಹರಳು ಕರಕಲಾಗಲು ಬಿಡುತ್ತಿರಲಿಲ್ಲ. ಇಲ್ಲಿ ಬೇಕಂತಲೇ ಕಪ್ಪಗಾಗುವ ತನಕ ಹುರಿಯುತ್ತಾರೆ. ಬಣ್ಣ, ವಾಸನೆ ಎರಡೂ ಅದರಿಂದಲೇ. ಹರಳಿನ ಮೂಲ ಪೂರ್ವ ಆಫ್ರಿಕಾ ಕಡೆ. ಗುಲಾಮರನ್ನಾಗಿ ಹಿಡಿದು ತಂದ ಆಫ್ರಿಕನ್ನರ ಕಾಲದಿಂದ ಈ ಎಣ್ಣೆ ಇಲ್ಲಿನ ಮನೆಗಳಲ್ಲಿ ತಲೆಗೂ ಆಯಿತು, ಹೊಟ್ಟೆಗೂ ಆಯಿತು. ಪಕ್ಕದ ಹೈಟಿಯಲ್ಲೂ ಇಂಥದ್ದೇ ಇದೆ. ಅಲ್ಲಿ ಅದು ಲ್ವಿಲ್ ಮಸ್ಕ್ರಿತಿ.

ಮನೆಯಲ್ಲೇ ಮಾಡೋಣ ಅಂತ ಹೊರಟವರು ಹುಷಾರಾಗಿರಿ. ಹಸಿ ಹರಳಿನಲ್ಲಿ ರೈಸಿನ್ ಅನ್ನೋ ವಿಷ ಇರುತ್ತೆ. ಅದು ಎಣ್ಣೆಗೆ ಇಳಿಯಲ್ಲ, ಹಿಂಡಿಯಲ್ಲಿ ಉಳಿಯುತ್ತೆ. ಅದಕ್ಕೇ ಹರಳು ಹಿಂಡಿಯನ್ನು ಹಸುವಿಗೆ ಹಾಕದೆ ಹೊಲಕ್ಕೆ ಹಾಕೋದು.

ಹುರಿದ ಬೂದಿ ಸೇರುವುದರಿಂದ ಇದರ ಪಿಎಚ್ (ಆಮ್ಲ-ಕ್ಷಾರದ ಅಳತೆ) ಜಾಸ್ತಿ, ಕೂದಲಿನ ಪದರ ತೆರೆಯುತ್ತೆ ಅಂತೆಲ್ಲ ಬಾಟಲಿಗಳ ಮೇಲೆ ಬರೆದಿರುತ್ತಾರೆ. ಸುಮ್ನೆ ಮಾತು. ಪಿಎಚ್ ಅಳೆಯೋದು ನೀರಿರುವ ವಸ್ತುವಿಗೆ, ಬರೀ ಎಣ್ಣೆಗಲ್ಲ. ಕೂದಲು ಬೆಳೆಸುತ್ತೆ ಅನ್ನುವುದಕ್ಕೂ ಗಟ್ಟಿ ಪುರಾವೆ ಇಲ್ಲ. ನನ್ನ ತಲೆಯಲ್ಲಂತೂ ಹೊಸದೇನೂ ಹುಟ್ಟಲಿಲ್ಲ. ಹರಳೆಣ್ಣೆಯಲ್ಲಿ ಸುಮಾರು 90% ರಿಸಿನೋಲಿಯಿಕ್ ಆಮ್ಲ ಅನ್ನೋ ಕೊಬ್ಬಿನಾಮ್ಲ. ಅದರಿಂದಲೇ ಅಷ್ಟು ಮಂದ, ಅಷ್ಟು ಅಂಟು. ಕೂದಲಲ್ಲಿ ಇರುವ ತೇವ ಆರಿ ಹೋಗದಂತೆ ತಡೆಯುತ್ತೆ. ನನಗೆ ಬೇಕಾಗಿದ್ದದ್ದು ಅಷ್ಟೇ.

ಶನಿವಾರ ರಾತ್ರಿ ನನ್ನ ಪದ್ಧತಿ ಹೀಗೆ. ಊಟ ಮುಗಿದ ಮೇಲೆ ಬಾಲ್ಕನಿಯಲ್ಲಿ ಕೂರುತ್ತೇನೆ, ಒಳಗೆ ಕೂತರೆ ಮನೆಯಲ್ಲಿ ಜಗಳ. ಸ್ಪ್ರೇ ಬಾಟಲಿಯಿಂದ ನೀರು ಹೊಡೆದು ಕೂದಲನ್ನು ಒದ್ದೆ ಮಾಡಿಕೊಳ್ಳುತ್ತೇನೆ. ಒಣ ಕೂದಲಿಗೆ ಈ ಎಣ್ಣೆ ಹಚ್ಚಲೇಬೇಡಿ. ಕೂದಲನ್ನು ನಾಲ್ಕು ಭಾಗ ಮಾಡಿ, ಒಂದೊಂದಕ್ಕೆ ನಾಲ್ಕೈದು ಹನಿ. ಅಂಗೈಗಳ ನಡುವೆ ಉಜ್ಜಿದರೆ ಮೊದಲು ಬಂಕೆಯ ಹಾಗೆ ಎಳೆಯುತ್ತೆ, ಆಮೇಲೆ ಬೆಚ್ಚಗಾಗಿ ಸಡಿಲವಾಗುತ್ತೆ. ಆಗ ತುದಿಯಿಂದ ಮೇಲಕ್ಕೆ ಸವರಿ, ಎರಡೆರಡು ಎಳೆ ಸೇರಿಸಿ ಹೊಸೆದು ಬಿಡುತ್ತೇನೆ. ಬುಡಕ್ಕೆ ಹಚ್ಚಲ್ಲ, ಹಣೆಯ ಅಂಚಿಗೆ ಮಾತ್ರ ಬೆರಳ ತುದಿಯಲ್ಲಿ ಒಂಚೂರು. ಇಲ್ಲಿನ ಹೆಂಗಸರು ಬಿಗಿಯಾಗಿ ಜಡೆ ಹಾಕಿ ಹಾಕಿ ಅಂಚಿನ ಕೂದಲು ಸವೆದಾಗ ಅಲ್ಲಿಗೇ ಹಚ್ಚೋದು. ಮೇಲೆ ಸ್ಯಾಟಿನ್ ಬಟ್ಟೆ ಕಟ್ಟಿ ಮಲಗಿದರೆ ಬೆಳಗ್ಗೆ ಸುರುಳಿ ಸುರುಳಿಯಾಗಿ, ಮೃದುವಾಗಿ ಇರುತ್ತೆ. ಬುಧವಾರದ ತನಕ ಕೂದಲಿನ ಚಿಂತೆ ಇಲ್ಲ.

ಕಷ್ಟ ಇರೋದು ತೊಳೆಯುವಾಗ. ಸ್ವಲ್ಪ ಜಾಸ್ತಿ ಹಚ್ಚಿದರೆ ಸಾಕು, ನೀರು ಬಿದ್ದ ಕೂಡಲೇ ಕೂದಲು ಒಂದಕ್ಕೊಂದು ಕಚ್ಚಿಕೊಳ್ಳುತ್ತೆ. ಬಾಚಣಿಗೆ ಇಳಿಯಲ್ಲ. ಇದು ಬರೀ ನನ್ನ ಗೋಳಲ್ಲ. 2017ರಲ್ಲಿ ಭಾರತದ ಚರ್ಮವೈದ್ಯರು ಒಂದು ಪ್ರಕರಣ ಬರೆದಿದ್ದಾರೆ. 20 ವರ್ಷದ ಹುಡುಗಿ ಹರಳೆಣ್ಣೆ, ಕೊಬ್ಬರಿ ಎಣ್ಣೆ ಹಚ್ಚಿ ತಲೆಗೆ ಸ್ನಾನ ಮಾಡಿದಾಗ ಕೂದಲೆಲ್ಲ ಗಟ್ಟಿ ಮುದ್ದೆಯಾಗಿ, ಬಿಡಿಸಲಾಗದೆ ಕತ್ತರಿಸಬೇಕಾಯಿತಂತೆ. ಉದ್ದ ಕೂದಲಿನವರು ಇದನ್ನು ನೆನಪಿಟ್ಟುಕೊಳ್ಳಿ.

ಈ ಸಿಕ್ಕು ಬಿಡಿಸೋಕೇ ಔಷಧಿ ಅಂಗಡಿಯಿಂದ, ಈ ಎಣ್ಣೆಗೆ ಜೊತೆ ಅಂತ ಮಾರುವ 'ಜೋಡಿ ಕಂಡಿಷನರ್' ತಂದೆ. ಬ್ರ್ಯಾಂಡ್ ಹೆಸರು ಬೇಡ ಬಿಡಿ. ಮುಂದೆ ಕಡಲ ಪಾಚಿಯ ದೊಡ್ಡ ಚಿತ್ರ. ಇಲ್ಲಿ ಅದನ್ನು ಐರಿಶ್ ಮಾಸ್ ಅಂತಾರೆ. ಬೇಯಿಸಿ ಲೋಳೆ ಮಾಡಿ ಹಾಲು, ಜಾಯಿಕಾಯಿ ಹಾಕಿ ಕುಡಿಯುತ್ತಾರೆ, ಗಂಡಸರ ಶಕ್ತಿಗೆ ಅಂತ ಕಣ್ಣು ಮಿಟುಕಿಸಿ ಮಾರುತ್ತಾರೆ. ಕಂಡಿಷನರ್ ಬೆಲೆ 2,000 ಜಮೈಕನ್ ಡಾಲರ್‌ಗೂ ಮೇಲೆ, ಅಂದರೆ ನಮ್ಮ ಸಾವಿರ ರೂಪಾಯಿ ದಾಟುತ್ತೆ. ನನ್ನ ಬಜೆಟ್‌ಗೆ ಜಾಸ್ತಿಯೇ.

ಹಿಂದೆ ತಿರುಗಿಸಿ ಪಟ್ಟಿ ಓದಿ. ಜಾಸ್ತಿ ಇರುವ ವಸ್ತು ಮೊದಲು ಬರಬೇಕು ಅನ್ನೋದು ನಿಯಮ. ಇದರಲ್ಲಿ ನೀರು, ಮಾಮೂಲಿ ಕಂಡಿಷನರ್ ಮೇಣಗಳು, ಸುಗಂಧ, ಆಮೇಲೆ ಫಿನಾಕ್ಸಿಎಥನಾಲ್. ಪಾಚಿ ಅದಕ್ಕೂ ಹಿಂದೆ, ಕಪ್ಪು ಹರಳೆಣ್ಣೆ ಪಾಚಿಗೂ ಹಿಂದೆ. ಫಿನಾಕ್ಸಿಎಥನಾಲ್ ಕೆಡದಂತೆ ಹಾಕುವ ವಸ್ತು, ಯುರೋಪಿನ ನಿಯಮದಲ್ಲಿ 1% ಮೀರುವಂತಿಲ್ಲ. ಅದರ ಹಿಂದೆ ಇರೋದು ಎಷ್ಟಿರಬಹುದು ಅಂತ ನೀವೇ ಲೆಕ್ಕ ಹಾಕಿ. ಚಿತ್ರಕ್ಕೆ ದುಡ್ಡು ಕೊಟ್ಟ ಹಾಗಾಯಿತು. ಕೆಟ್ಟ ಕಂಡಿಷನರ್ ಅಂತ ಹೇಳಲ್ಲ. ಸೂಪರ್‌ಮಾರ್ಕೆಟ್‌ನ ಅಗ್ಗದ ಬಾಟಲಿ ಮಾಡುವ ಕೆಲಸವನ್ನೇ ಇದೂ ಮಾಡುತ್ತೆ. ಆದರೆ ಇದರ ತೆಂಗಿನಕಾಯಿ ಸೆಂಟು ಇದೆಯಲ್ಲ, ನನ್ನ ಹೊಗೆ ವಾಸನೆಯನ್ನು ಪೂರಾ ನುಂಗಿಬಿಡುತ್ತೆ. ಯಜಮಾನರಿಗೆ ಖುಷಿ, ನನಗೆ ತಲೆನೋವು.

ಸಿಕ್ಕಿಗೆ ನಿಜವಾದ ಮದ್ದು ಸಿಕ್ಕಿದ್ದು ಅದೇ ಮಾರ್ಕೆಟ್ಟಿನಲ್ಲಿ. ನಾನು ಗೊಣಗಿದ್ದು ಕೇಳಿ ಹಿಗ್ಲರಮ್ಮ ಬುಟ್ಟಿಯಿಂದ ಪಾಪಸುಕಳ್ಳಿಯ ಎರಡು ಹಾಳೆ ತೆಗೆದು ಕೊಟ್ಟರು. ಇಲ್ಲಿ ಅದಕ್ಕೆ ಟೂನಾ ಅಂತ ಹೆಸರು. ಜಮೈಕಾದ ಹಳಬರು ತಲೆ ತೊಳೆಯೋದು ಇದರಲ್ಲೇ. ಗ್ಯಾಸ್ ಉರಿಯ ಮೇಲೆ ಹಿಡಿದು ಮುಳ್ಳು ಸುಡಬೇಕು. ದೊಡ್ಡ ಮುಳ್ಳಿಗಿಂತ ಕಣ್ಣಿಗೆ ಕಾಣದ ಸಣ್ಣ ಮುಳ್ಳೇ ಪೀಡೆ, ಕೈಗೆ ಗ್ಲೌಸ್ ಇರಲಿ. ಸೀಳಿ, ಹೆಚ್ಚಿ, ರಾತ್ರಿ ನೀರಲ್ಲಿ ನೆನೆಸಿಟ್ಟು ಬೆಳಗ್ಗೆ ಬಟ್ಟೆಯಲ್ಲಿ ಹಿಂಡಿದರೆ ಬಟ್ಟಲು ತುಂಬ ಲೋಳೆ. ದಾಸವಾಳದ ಸೊಪ್ಪು ಕಿವುಚಿ ತಲೆ ತೊಳೆದವರಿಗೆ ಇದು ಗೊತ್ತಿರುವ ಲೋಳೆಯೇ, ಇನ್ನೂ ಸ್ವಲ್ಪ ಮಂದ. ಶಾಂಪೂಗೆ ಮುಂಚೆ ಎಣ್ಣೆ ಕೂದಲಿಗೆ ಧಾರಾಳವಾಗಿ ಹಚ್ಚಿ ಹತ್ತು ನಿಮಿಷ ಬಿಡಿ. ಬೆರಳು ಸಲೀಸಾಗಿ ಇಳಿಯುತ್ತೆ. ಆಮೇಲೆ ಒಂದೇ ಸಲ ಶಾಂಪೂ ಸಾಕು. ಲೋಳೆ ಮರುದಿನವೇ ಹುಳಿ ವಾಸನೆ ಬರುತ್ತೆ, ಹಾಗಾಗಿ ಆಯಾ ದಿನಕ್ಕೆ ಮಾಡಿಕೊಳ್ಳಬೇಕು. ಸೋಮಾರಿಗಳಿಗೆ ಇದಲ್ಲ. ಚರ್ಮ ಸೂಕ್ಷ್ಮ ಇರುವವರು ಮೊದಲು ಮೊಣಕೈ ಒಳಬದಿಗೆ ಹಚ್ಚಿ ನೋಡಿ.

ಎಣ್ಣೆಗೆ ಐದಕ್ಕೆ ನಾಲ್ಕೂವರೆ. ಅರ್ಧ ಕಳೆದದ್ದು ತೊಳೆಯುವ ಗೋಳಿಗೆ. ತೆಳು, ನೇರ ಕೂದಲಿನವರು ತಗೋಬೇಡಿ, ತಲೆ ಜಿಡ್ಡುಜಿಡ್ಡಾಗಿ ಕಾಣುತ್ತೆ. ಊರಲ್ಲಿ ಇರುವವರು ಆನ್‌ಲೈನ್‌ನಲ್ಲಿ ಇದಕ್ಕೆ ಸಾವಿರಗಟ್ಟಲೆ ಸುರಿಯಬೇಕಿಲ್ಲ. ಒಳ್ಳೆ ಹರಳೆಣ್ಣೆ ಒದ್ದೆ ಕೂದಲಿಗೆ ಹೀಗೇ ಹಚ್ಚಿದರೆ ಕೆಲಸ ಅದೇ, ಹೊಗೆ ವಾಸನೆ ಮಾತ್ರ ಇರಲ್ಲ. ಇಲ್ಲಿಂದ ಒಯ್ಯುವವರು ರಮ್ ಬಾಟಲಿಯ ಮುಚ್ಚಳವನ್ನು ನಂಬಬೇಡಿ. ಟೇಪ್ ಸುತ್ತಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಚೆಕ್-ಇನ್ ಬ್ಯಾಗಿಗೇ ಹಾಕಿ. ಸೀರೆಗಳ ಪಕ್ಕ ಮಾತ್ರ ಬೇಡ.

ಕಂಡಿಷನರ್ ಮುಕ್ಕಾಲು ಬಾಟಲಿ ಉಳಿದಿದೆ. ಕಿಂಗ್‌ಸ್ಟನ್ ಕಡೆ ಇರುವ ಕನ್ನಡದವರು ಯಾರಾದರೂ ಬಂದು ತಗೊಂಡು ಹೋಗಿ, ದುಡ್ಡು ಬೇಡ.