ಸೂರ್ಯಕಾಂತಿ ಎಣ್ಣೆಯೋ, ತೌಡೆಣ್ಣೆಯೋ? ವಿಟಮಿನ್ ಇ ಲೆಕ್ಕ

ಗಂಗಾವತಿ, ಸಿಂಧನೂರು ಕಡೆ ಅಕ್ಕಿ ಗಿರಣಿಗಳಿಗೇನು ಕಮ್ಮಿ ಇಲ್ಲ. ತೌಡೆಣ್ಣೆ ನಮ್ಮದೇ ಎಣ್ಣೆ ಅನ್ನಿಸುವುದು ಸಹಜ. ಆದರೆ ವಿಟಮಿನ್ ಇ ಮಾತ್ರ ನೋಡಿದರೆ ನನ್ನ ಮತ ಸೂರ್ಯಕಾಂತಿಗೆ.

ಎರಡರಲ್ಲೂ ವಿಟಮಿನ್ ಇ ಅಣುವಿಗೆ ಒಂದು ಉಂಗುರದ ತಲೆ, ಒಂದು ಉದ್ದ ಬಾಲ. ಬಾಲ ಜೀವಕೋಶದ ಪೊರೆಯ ಕೊಬ್ಬಿನೊಳಗೆ ಹುದುಗಿರುತ್ತದೆ. ಕೊಬ್ಬು ಸರಪಳಿಯಂತೆ ಒಂದರ ಹಿಂದೆ ಒಂದು ಕೆಡಲು ಶುರುವಾದರೆ ತಲೆಯಲ್ಲಿರುವ ಹೈಡ್ರಾಕ್ಸಿಲ್ ಗುಂಪು (ಆಮ್ಲಜನಕ-ಹೈಡ್ರೋಜನ್ ಜೋಡಿ) ತನ್ನ ಹೈಡ್ರೋಜನ್ ಕೊಟ್ಟು ಆ ಸರಪಳಿಯನ್ನು ತಡೆಯುತ್ತದೆ. ಆಮೇಲೆ ವಿಟಮಿನ್ ಸಿ ಅದನ್ನು ಮತ್ತೆ ಸರಿಪಡಿಸಬಲ್ಲದು.

ಸೂರ್ಯಕಾಂತಿಯಲ್ಲಿ ಜಾಸ್ತಿ ಇರುವುದು ವಿಟಮಿನ್ ಇಯ ಒಂದು ರೂಪವಾದ ಆಲ್ಫಾ ಟೋಕೋಫೆರಾಲ್. ಇದರ ಉಂಗುರಕ್ಕೆ 3 ಮಿಥೈಲ್ ಗುಂಪುಗಳಿವೆ (ಇಂಗಾಲ-ಹೈಡ್ರೋಜನ್‌ನ ಪುಟ್ಟ ಗುಂಪುಗಳು), ಹಾಗಾಗಿ ಹೈಡ್ರೋಜನ್ ಸುಲಭವಾಗಿ ಬಿಟ್ಟುಕೊಡುತ್ತದೆ. ಟೋಕೋಫೆರಾಲ್‌ನ ಇನ್ನೊಂದು ರೂಪವಾದ ಗಾಮಾಕ್ಕೆ 2 ಮಾತ್ರ. ತೌಡೆಣ್ಣೆಯಲ್ಲಿ ಟೋಕೋಟ್ರೈಯೀನಾಲ್ ಎಂಬ ವಿಟಮಿನ್ ಇ ರೂಪ ಕೂಡ ಇದೆ. ಅದರ ಬಾಲದಲ್ಲಿ 3 ದ್ವಿಬಂಧಗಳು (ಎರಡು ಅಣುಕಣಗಳ ನಡುವಿನ ಇಮ್ಮಡಿ ಬಂಧ). ಪ್ರಯೋಗಾಲಯದ ಪೊರೆಗಳಲ್ಲಿ ಅದು ಚುರುಕಾಗಿಯೇ ಕೆಲಸ ಮಾಡಿದೆ. ಆದರೆ ಪಿತ್ತಜನಕಾಂಗದ ಒಂದು ಪ್ರೋಟೀನು ಆಲ್ಫಾ ಟೋಕೋಫೆರಾಲನ್ನೇ ಆರಿಸಿ ರಕ್ತಕ್ಕೆ ಕಳಿಸುತ್ತದೆ. ಉಳಿದವು ಬೇಗ ಹೊರಗೆ. ಚುರುಕಿದ್ದರೂ ರಕ್ತದಲ್ಲಿ ನಿಲ್ಲದಿದ್ದರೆ ಏನು ಪ್ರಯೋಜನ, ಅಲ್ವಾ?

ಆದರೆ ಬಳ್ಳಾರಿ ಒಗ್ಗರಣಿ-ಮಿರ್ಚಿಯ ಮಿರ್ಚಿ ಕರಿಯಲು ನಾನು ತೌಡೆಣ್ಣೆಯನ್ನೇ ಹಿಡಿಯುತ್ತೇನೆ. ಸಾಮಾನ್ಯ ಸೂರ್ಯಕಾಂತಿಯಲ್ಲಿ ಲಿನೋಲಿಕ್ ಆಮ್ಲ ಎಂಬ ಕೊಬ್ಬಿನಾಮ್ಲ ಜಾಸ್ತಿ. ಕಾಯಿಸಿದಷ್ಟೂ ಬೇಗ ಕೆಡುತ್ತದೆ, ವಿಟಮಿನ್ನೂ ಸವೆಯುತ್ತದೆ.

ವಿಟಮಿನ್ ಇ ಮಾತ್ರೆ ಕೊಳ್ಳುವವರು ಚೀಟಿ ನೋಡಿ: ಆಲ್ಫಾ ಟೋಕೋಫೆರಾಲ್ ಹೆಸರಿನ ಮುಂದೆ ‘ಡಿ’ ಅಂದರೆ ಸಹಜ ರೂಪ. ‘ಡಿಎಲ್’ ಅಂದರೆ 8 ರೂಪಗಳ ಕೃತಕ ಮಿಶ್ರಣ, ಅದರಲ್ಲಿ ದೇಹ ಉಳಿಸಿಕೊಳ್ಳುವುದು ಸುಮಾರು ಅರ್ಧ.